ಮೂಗಿನ ನೇರಕ್ಕೆ

ಬೆಂಗಳೂರಿನಿಂದ ಉತ್ತರಕ್ಕೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಹೊರಟರೆ ಕಲ್ಲುಕಂಬ ನೆಟ್ಟು, ತಂತಿ ಎಳೆದು, ಚಪ್ಪರ ಹಬ್ಬಿಸಿದ ದ್ರಾಕ್ಷಿ ತೋಟಗಳು ಒಂದರ ಹಿಂದೊಂದು ಸಿಗುತ್ತವೆ. ನಂದಿಬೆಟ್ಟಕ್ಕೆ ಸೂರ್ಯೋದಯ ನೋಡಲು ಹೋಗುವುದು ನಮ್ಮ ಊರಿನವರ ಹಳೆಯ ಅಭ್ಯಾಸ. ಈಗ ಅದರ ಜೊತೆಗೆ ಇನ್ನೊಂದು ತಿರುಗಾಟವೂ ರೂಢಿಯಾಗಿದೆ. ಮಧ್ಯಾಹ್ನ ಹೊರಟು, ಬೆಟ್ಟದ ತಪ್ಪಲಿನ ವೈನರಿಯೊಂದರಲ್ಲಿ ತೋಟ ಸುತ್ತಿ, ಓಕ್ ಮರದ ಪೀಪಾಯಿಗಳನ್ನು ನೋಡಿ, ನಾಲ್ಕೈದು ಬಗೆಯ ವೈನಿನ ರುಚಿ ನೋಡುವುದು. ರಾತ್ರಿ ಊರಿಗೆ ಮರಳಿ, ತಳ್ಳುಗಾಡಿಯ ಮುಂದೆ ನಿಂತು ಎಗ್ ರೈಸ್ ತಿಂದು ಮನೆ ಸೇರುವುದು.

ಮಧ್ಯಾಹ್ನದ ಗ್ಲಾಸಿಗೂ ಮಧ್ಯರಾತ್ರಿಯ ಪ್ಲೇಟಿಗೂ ನಡುವೆ ದೇಹದೊಳಗೆ ಏನೇನು ನಡೆಯುತ್ತದೆ ಎಂಬುದು ನನಗೆ ಶರೀರವಿಜ್ಞಾನದ ಅತ್ಯಂತ ರುಚಿಕಟ್ಟಾದ ಕಥೆಗಳಲ್ಲೊಂದು. ಮೇಲ್ನೋಟಕ್ಕೆ ಇವೆರಡೂ ಬೇರೆ ಬೇರೆ. ಒಂದು ನಾಜೂಕಿನ ರಸಿಕತೆ, ಇನ್ನೊಂದು ಹೊಟ್ಟೆಬಾಕತನ ಎಂದು ಜನ ತಿಳಿಯುತ್ತಾರೆ. ಆದರೆ ಎರಡನ್ನೂ ನಡೆಸುವುದು ಒಂದೇ ಅಂಗ, ಮೂಗು. ಮಧ್ಯಾಹ್ನ ಅದು ನಮ್ಮ ಮಾತು ಕೇಳುತ್ತದೆ, ರಾತ್ರಿ ನಾವು ಅದರ ಮಾತು ಕೇಳುತ್ತೇವೆ.

ಮೊದಲು ತೋಟದ ಮಾತು. ದ್ರಾಕ್ಷಿಬಳ್ಳಿ ಸಮಶೀತೋಷ್ಣ ಸೀಮೆಯ ಸಸ್ಯ. ಹೆಸರಾಂತ ವೈನ್ ಪ್ರದೇಶಗಳಲ್ಲಿ ಹೆಚ್ಚಿನವು 30ರಿಂದ 50 ಡಿಗ್ರಿ ಅಕ್ಷಾಂಶದ ನಡುವೆ ಇವೆ; ಬೆಂಗಳೂರು ಇರುವುದು 13ರಲ್ಲಿ. ಅಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ, ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಅದಕ್ಕೇ ಇಲ್ಲಿನ ರೈತರು ವರ್ಷಕ್ಕೆ ಎರಡು ಸಲ ಬಳ್ಳಿ ಸವರುತ್ತಾರೆ. ಏಪ್ರಿಲ್ ಆಸುಪಾಸಿನಲ್ಲಿ ಒಮ್ಮೆ ಸವರಿದಾಗ ಹೊಸ ಕಡ್ಡಿ ಬಂದು ಬಲಿಯುತ್ತದೆ, ಅದರ ಮೊಗ್ಗಿನೊಳಗೆ ಮುಂದಿನ ಗೊಂಚಲು ಮೊಳಕೆಯ ರೂಪದಲ್ಲಿ ಕೂರುತ್ತದೆ. ಮಳೆ ಹಿಂದೆ ಸರಿಯುವ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಮ್ಮೆ ಸವರಿದರೆ ಆ ಮೊಗ್ಗು ಒಡೆದು, ಹೂವಾಗಿ ಕಾಯಾಗಿ, ಫೆಬ್ರವರಿ–ಮಾರ್ಚಿಗೆ ಹಣ್ಣು ಕೊಯ್ಲಿಗೆ ಬರುತ್ತದೆ. ಚಳಿಗಾಲ ಮಾಡಬೇಕಾದ ಕೆಲಸವನ್ನು ಇಲ್ಲಿ ಕತ್ತರಿ ಮಾಡುತ್ತದೆ.

ಎತ್ತರದ ಲೆಕ್ಕವೂ ಇದೆ. ಹಣ್ಣು ಮಾಗುತ್ತಿದ್ದಂತೆ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಹಣ್ಣು ತನ್ನಲ್ಲಿರುವ ಮ್ಯಾಲಿಕ್ ಆಮ್ಲವನ್ನು ಉಸಿರಾಟಕ್ಕೆ ಬಳಸಿ ಖರ್ಚು ಮಾಡಿಕೊಳ್ಳುತ್ತದೆ. ಸೆಖೆ ಹೆಚ್ಚಿದಷ್ಟೂ ಈ ಖರ್ಚು ಬೇಗ. ಹುಳಿಯೇ ಇಲ್ಲದ ವೈನ್ ಸಪ್ಪೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ನಂದಿ ತಪ್ಪಲಿನಲ್ಲಿ ಮಾಗಿಯ ರಾತ್ರಿಗಳು ತಂಪಾಗಿರುವುದರಿಂದ ಹುಳಿ ಅಷ್ಟರಮಟ್ಟಿಗೆ ಉಳಿಯುತ್ತದೆ. ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ನೆರವಿನೊಂದಿಗೆ ಫ್ರೆಂಚ್ ತಳಿಗಳನ್ನು ಇಲ್ಲಿ ನೆಡಿಸಿ, 1988ರಲ್ಲಿ ಕಂಪನಿ ಕಟ್ಟಿದರು. ದೊಡ್ಡಬಳ್ಳಾಪುರದ ಬಳಿಯ ರಘುನಾಥಪುರದಲ್ಲಿರುವ ಆ ವೈನರಿ ಇಂದು ಗ್ರೋವರ್ ಜಂಪಾ ಎಂಬ ಹೆಸರಿನಲ್ಲಿದೆ. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿಯನ್ನು ತಂದ ಮೇಲೆ ಕರ್ನಾಟಕದಲ್ಲಿ ಇನ್ನಷ್ಟು ವೈನರಿಗಳು ತಲೆಯೆತ್ತಿದವು. ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣದ ಬಳಿಯೂ ಇಂಥ ಒಂದು ದಿನದ ತಿರುಗಾಟಕ್ಕೆ ಜಾಗವಿದೆ.

ಆದರೆ ಈ ಸೀಮೆಯ ಮನೆಮಗಳು ಫ್ರೆಂಚ್ ತಳಿಯಲ್ಲ, ಬೆಂಗಳೂರು ನೀಲಿ ದ್ರಾಕ್ಷಿ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಸುತ್ತ ಬೆಳೆಯುತ್ತಿರುವ ಈ ಹಣ್ಣಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ದಪ್ಪ ಸಿಪ್ಪೆ, ಹಿಸುಕಿದರೆ ಪುಳಕ್ಕನೆ ಹೊರಗೆ ಜಾರುವ ತಿರುಳು, ಸಿಪ್ಪೆಯ ಬಳಿ ಒಗರು, ಬೀಜದ ಸುತ್ತ ಹುಳಿ, ಎಲ್ಲಕ್ಕಿಂತ ಮಿಗಿಲಾಗಿ ಒಂದು ಗಾಢ ಪರಿಮಳ. ಬುಟ್ಟಿ ತುಂಬ ಹಣ್ಣಿಟ್ಟುಕೊಂಡು ಕೂತವರ ಪಕ್ಕ ಹಾದರೆ ಕಣ್ಣು ಮುಚ್ಚಿಕೊಂಡೇ ಹೇಳಬಹುದು, ಇದು ನೀಲಿ ದ್ರಾಕ್ಷಿ ಎಂದು. ಯುರೋಪಿನ ವೈನ್ ದ್ರಾಕ್ಷಿಗಳು ವಿನಿಫೆರಾ ಎಂಬ ಪ್ರಭೇದದವು. ನಮ್ಮ ನೀಲಿ ದ್ರಾಕ್ಷಿಯಲ್ಲಿ ಅಮೆರಿಕದ ಲಬ್ರುಸ್ಕಾ ಪ್ರಭೇದದ ರಕ್ತವಿದೆ. ಲಬ್ರುಸ್ಕಾ ಬಳಗದ ಪರಿಮಳದ ಹಿಂದಿರುವ ಮುಖ್ಯ ಅಣುಗಳಲ್ಲಿ ಒಂದು ಮೀಥೈಲ್ ಆಂತ್ರನಿಲೇಟ್. ದ್ರಾಕ್ಷಿ ರುಚಿಯ ಪೆಪ್ಪರ್‌ಮಿಂಟು, ಸೋಡಾಗಳಿಗೆ ಬೆರೆಸುವುದೂ ಇದನ್ನೇ. ಹಕ್ಕಿಗಳಿಗೆ ಇದು ಆಗದು, ಹಾಗಾಗಿ ಬೆಳೆಗೆ ಹಕ್ಕಿ ಬಾರದಂತೆ ಸಿಂಪಡಿಸುವುದೂ ಉಂಟು. ಮಲ್ಲಿಗೆಯ ಪರಿಮಳದೊಳಗೂ ಇದೇ ಅಣು ಇದೆ.

ಯುರೋಪಿನ ವೈನ್ ಲೋಕ ಈ ವಾಸನೆಯನ್ನು ಬಹುಕಾಲ ದೋಷವೆಂದೇ ಎಣಿಸಿತು. ಆ ತೀರ್ಪನ್ನು ನಾನು ಒಪ್ಪುವುದಿಲ್ಲ. ಮಲ್ಲಿಗೆ ಮುಡಿದು, ಮಲ್ಲಿಗೆ ಕಟ್ಟಿ, ಮಲ್ಲಿಗೆಯ ನಡುವೆಯೇ ಬೆಳೆದ ಮೂಗಿಗೆ ಈ ಅಣು ದೋಷವಾಗಬೇಕಾದ ಕಾರಣವೇ ಇಲ್ಲ. ನೀಲಿ ದ್ರಾಕ್ಷಿಯಲ್ಲಿ ಸಕ್ಕರೆ ಕಡಿಮೆ, ಹುಳಿ ಹೆಚ್ಚು. ಒಣ ಕೆಂಪು ವೈನಿಗೆ ಅದು ಹೊಂದುವುದಿಲ್ಲ, ರಸಕ್ಕೆ, ಸಿಹಿ ವೈನಿಗೆ ಹೊಂದುತ್ತದೆ ಎಂಬುದು ನಿಜ. ಅದು ಹಣ್ಣಿನ ಗುಣದ ಮಾತು, ಪರಿಮಳದ ಮೇಲಿನ ತೀರ್ಪಲ್ಲ.

ಈಗ ಮೇಜಿನ ಬಳಿ ಬರೋಣ. ಗ್ಲಾಸಿನಲ್ಲಿ ಎರಡು ಬೆರಳಿನಷ್ಟು ವೈನ್ ಸುರಿದು ಮುಂದಿಡುತ್ತಾರೆ. ಕಾಲು ಹಿಡಿದು ಗ್ಲಾಸನ್ನು ಮೆಲ್ಲನೆ ತಿರುಗಿಸಿ ನಿಲ್ಲಿಸಿ. ಒಳಗೋಡೆಗೆ ಅಂಟಿದ ತೆಳುಪೊರೆ ಒಂದು ಕ್ಷಣ ಹಾಗೇ ನಿಂತು, ಆಮೇಲೆ ಅದರ ಮೇಲಂಚಿನಲ್ಲಿ ಹನಿಗಟ್ಟಿ ಸಾಲುಸಾಲಾಗಿ ಇಳಿಯುತ್ತದೆ. ವೈನ್ ಒಳ್ಳೆಯದಿದ್ದರೆ ಹೀಗೆ ಇಳಿಯುತ್ತದೆ ಎಂದು ಹೇಳುವವರಿದ್ದಾರೆ. ಗುಣಮಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಭೌತವಿಜ್ಞಾನ. ಪೊರೆ ತೆಳುವಾದಲ್ಲಿ ಆಲ್ಕೋಹಾಲು ಬೇಗ ಆರಿಹೋಗಿ ನೀರಿನ ಪಾಲು ಹೆಚ್ಚುತ್ತದೆ. ನೀರಿನ ಮೇಲ್ಮೈ ಸೆಳೆತ ಆಲ್ಕೋಹಾಲಿನದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಹಾಗಾಗಿ ಮೇಲಿನ ಅಂಚು ಕೆಳಗಿನ ವೈನನ್ನು ಗೋಡೆಯ ಮೇಲಕ್ಕೆ ಎಳೆದುಕೊಳ್ಳುತ್ತದೆ. ಭಾರ ಹೆಚ್ಚಾದಾಗ ಅದೇ ಹನಿಯಾಗಿ ಜಾರುತ್ತದೆ. 1855ರಲ್ಲಿ ಜೇಮ್ಸ್ ಥಾಮ್ಸನ್ ಇದನ್ನು ವಿವರಿಸಿದ. ಹತ್ತು ವರ್ಷದ ನಂತರ ಇದರ ಬಗ್ಗೆ ಬರೆದ ಇಟಲಿಯ ಕಾರ್ಲೊ ಮರಂಗೋನಿಯ ಹೆಸರು ಈ ವಿದ್ಯಮಾನಕ್ಕೆ ಅಂಟಿಕೊಂಡಿತು.

ತಿರುಗಿಸುವುದರ ನಿಜವಾದ ಉಪಯೋಗ ಬೇರೆ. ಗಾಳಿಗೆ ತೆರೆದುಕೊಳ್ಳುವ ಮೇಲ್ಮೈ ಹೆಚ್ಚಿದಷ್ಟೂ ಪರಿಮಳದ ಅಣುಗಳು ಗ್ಲಾಸಿನ ಖಾಲಿ ಭಾಗದಲ್ಲಿ ತುಂಬಿಕೊಳ್ಳುತ್ತವೆ. ಗ್ಲಾಸನ್ನು ಮೂರು ಪಾಲು ಮಾಡಿ ಒಂದು ಪಾಲಷ್ಟೇ ಸುರಿಯುವುದು ಜಿಪುಣತನದಿಂದಲ್ಲ. ಮೇಲಿನ ಎರಡು ಪಾಲು ಮೂಗಿಗೆ ಮೀಸಲು.

ಮೂಗಿನೊಳಗೆ, ಕಣ್ಣುಗಳ ನಡುವಿನ ಎತ್ತರದಲ್ಲಿ, ಅಂಚೆಚೀಟಿಯಷ್ಟು ಅಗಲದ ಪೊರೆಯೊಂದಿದೆ. ಮನುಷ್ಯರಲ್ಲಿ ಸುಮಾರು 400 ಬಗೆಯ ಗ್ರಾಹಕಗಳು ಅಲ್ಲಿ ಕೆಲಸ ಮಾಡುತ್ತವೆ. ಒಂದು ಅಣು ಹಲವು ಗ್ರಾಹಕಗಳನ್ನು ತಟ್ಟುತ್ತದೆ, ಒಂದು ಗ್ರಾಹಕ ಹಲವು ಅಣುಗಳಿಗೆ ಓಗೊಡುತ್ತದೆ. ಯಾವ ಯಾವುದು ಎಷ್ಟೆಷ್ಟು ಮೀಟಿತು ಎಂಬ ಚಿತ್ರವನ್ನು ನೋಡಿ ಮಿದುಳು ವಾಸನೆಯನ್ನು ಗುರುತಿಸುತ್ತದೆ. ಈ ಗ್ರಾಹಕಗಳ ವಂಶವಾಹಿಗಳನ್ನು 1991ರಲ್ಲಿ ಪತ್ತೆ ಮಾಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 2004ರಲ್ಲಿ ನೊಬೆಲ್ ಪಡೆದರು.

ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ, ಇಷ್ಟೇ. ನಂಬಿಕೆ ಬರದಿದ್ದರೆ ಈಗಲೇ ಅಡುಗೆಮನೆಗೆ ಹೋಗಿ. ಏಲಕ್ಕಿ ಪುಡಿ ಬೆರೆಸಿದ ಒಂದು ಚಿಟಿಕೆ ಸಕ್ಕರೆಯನ್ನು, ಮೂಗನ್ನು ಬೆರಳಿನಿಂದ ಭದ್ರವಾಗಿ ಹಿಡಿದುಕೊಂಡು, ಬಾಯಿಗೆ ಹಾಕಿಕೊಳ್ಳಿ. ಸಿಹಿ ತಿಳಿಯುತ್ತದೆ, ಏಲಕ್ಕಿ ಎಲ್ಲಿದೆಯೆಂದೇ ಗೊತ್ತಾಗುವುದಿಲ್ಲ. ಬೆರಳು ತೆಗೆದು ಉಸಿರು ಬಿಡಿ, ಏಲಕ್ಕಿ ಒಮ್ಮೆಲೇ ಬಾಯಿ ತುಂಬಿಕೊಳ್ಳುತ್ತದೆ. ಬಾಯೊಳಗಿನ ಗಾಳಿ ಗಂಟಲ ಹಿಂದಿನಿಂದ ಮೇಲೇರಿ ಮೂಗಿನ ಪೊರೆಯನ್ನು ಮುಟ್ಟಿದ್ದರ ಫಲ ಇದು. ಆದರೂ ಮಿದುಳು ಆ ಅನುಭವವನ್ನು ಬಾಯಿಯ ಖಾತೆಗೇ ಬರೆಯುತ್ತದೆ. ನೆಗಡಿ ಬಂದಾಗ ಊಟ ರುಚಿಸದಿರುವುದು ಇದೇ ಕಾರಣಕ್ಕೆ. ವೈನ್ ರುಚಿ ನೋಡುವವರು ಗುಟುಕನ್ನು ಬಾಯೊಳಗೆ ಆಡಿಸಿ, ಸ್ವಲ್ಪ ಗಾಳಿ ಎಳೆದು, ಮೂಗಿನಿಂದ ಉಸಿರು ಬಿಡುವುದೂ ಇದೇ ಕಾರಣಕ್ಕೆ. ನುಂಗಲೇಬೇಕೆಂದಿಲ್ಲ. ಅನುಭವಿಗಳು ಪಕ್ಕದಲ್ಲಿಟ್ಟ ಪಾತ್ರೆಗೆ ಉಗಿಯುತ್ತಾರೆ, ಪರಿಮಳದಲ್ಲಿ ಅವರಿಗೆ ನಷ್ಟವಾಗುವುದು ತೀರಾ ಕಡಿಮೆ.

ಕೆಂಪು ವೈನ್ ಕುಡಿದಾಗ ನಾಲಿಗೆ, ವಸಡು ಒಣಗಿ ಬಿಗಿದಂತಾಗುತ್ತದಲ್ಲ, ಆ ಒಗರು ನಮಗೆ ಹೊಸದಲ್ಲ. ನೇರಳೆ ಹಣ್ಣು, ಎಳೆ ಬಾಳೆಕಾಯಿ, ಹಸಿ ಅಡಿಕೆ ತಿಂದವರಿಗೆಲ್ಲ ಗೊತ್ತು. ಆಯುರ್ವೇದ ಅದನ್ನು ಆರು ರಸಗಳಲ್ಲಿ ಒಂದಾಗಿ ಎಣಿಸಿತು. ಇಂದಿನ ವಿಜ್ಞಾನ ಅದನ್ನು ಹೆಚ್ಚಾಗಿ ಸ್ಪರ್ಶದ ಸಾಲಿಗೆ ಸೇರಿಸುತ್ತದೆ. ಜೊಲ್ಲಿನಲ್ಲಿ ಬಾಯಿಯನ್ನು ನುಣುಪಾಗಿಡುವ ಪ್ರೋಟೀನುಗಳಿವೆ. ಸಿಪ್ಪೆ, ಬೀಜಗಳಿಂದ ಬಂದ ಟ್ಯಾನಿನ್ ಅವಕ್ಕೆ ಅಂಟಿಕೊಂಡು ಗಂಟುಕಟ್ಟಿದಾಗ ನುಣುಪು ಹೋಗಿ ಕೆನ್ನೆ ನಾಲಿಗೆಗೆ ಉಜ್ಜುತ್ತದೆ. ಜೊತೆಗೆ ಚೀಸ್ ಇದ್ದರೆ ಟ್ಯಾನಿನ್‌ಗೆ ಹಿಡಿದುಕೊಳ್ಳಲು ಬೇರೆ ಪ್ರೋಟೀನು ಸಿಗುತ್ತದೆ, ಒಗರು ತಗ್ಗುತ್ತದೆ. ಕಡಕ್ ಚಹಾಕ್ಕೆ ಹಾಲು ಬಿದ್ದಾಗ ಆಗುವುದೂ ಇದೇ.

ಪರಿಮಳಕ್ಕೆ ಮರಳಿದರೆ, ನಮ್ಮಲ್ಲಿ ಬೆಳೆಯುವ ಶಿರಾಜ್ ತಳಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಶಿರಾಜ್ ವೈನಿನಲ್ಲಿ ಕೆಲವೊಮ್ಮೆ ಕರಿಮೆಣಸಿನ ವಾಸನೆ ಬರುತ್ತದೆ. ಅದು ಹೋಲಿಕೆಯ ಮಾತೆಂದು ಬಹುಕಾಲ ಭಾವಿಸಿದ್ದರು. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಅದರ ಮೂಲವನ್ನು ಹಿಡಿದರು. ರೊಟಂಡೋನ್ ಎಂಬ ಆ ಅಣು ಮಲೆನಾಡಿನ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯ ಕಾಳುಮೆಣಸಿನಲ್ಲಿ ಇರುವಂಥದ್ದೇ. ಒಂದು ಲೀಟರ್ ಕೆಂಪು ವೈನಿನಲ್ಲಿ 16 ನ್ಯಾನೊಗ್ರಾಂ, ಅಂದರೆ ಗ್ರಾಮಿನ ನೂರು ಕೋಟಿಯ 16 ಭಾಗ ಇದ್ದರೂ ಮೂಗು ಹಿಡಿಯುತ್ತದೆ. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ಅದು ಎಷ್ಟು ಹೆಚ್ಚಿದ್ದರೂ ತಿಳಿಯುವುದಿಲ್ಲ. ಒಂದೇ ಮೇಜಿನಲ್ಲಿ ಕೂತು ಒಂದೇ ವೈನ್ ಕುಡಿಯುವ ಐವರು ಬೇರೆ ಬೇರೆ ವೈನ್ ಕುಡಿಯುತ್ತಿರಬಹುದು. ಪಕ್ಕದವರಿಗೆ ಮೆಣಸು ಸಿಕ್ಕಿ ನಿಮಗೆ ಸಿಗದಿದ್ದರೆ ಸಂಕೋಚ ಬೇಡ.

ಸಂಕೋಚವೇ ಈ ಮೇಜಿನ ದೊಡ್ಡ ತೊಡಕು ಎಂದು ನನಗೆ ಅನಿಸುತ್ತದೆ. 1984ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆನ್ ನೋಬಲ್ ಮತ್ತು ಸಂಗಡಿಗರು ವೈನಿನ ಪರಿಮಳಗಳನ್ನು ಒಂದು ಚಕ್ರದಲ್ಲಿ ಜೋಡಿಸಿ ಕೊಟ್ಟರು. ಅದು ತುಂಬ ಉಪಕಾರಿಯಾದ ಕೆಲಸ. ಆದರೆ ಬ್ಲ್ಯಾಕ್‌ಕರಂಟ್ ಕಾಣದವರು ಬ್ಲ್ಯಾಕ್‌ಕರಂಟ್ ವಾಸನೆ ಬಂತೆಂದು ತಲೆದೂಗಬೇಕಾಗಿಲ್ಲ. ಸಾವಿನ್ಯಾನ್ ಬ್ಲಾಂಕ್ ವೈನಿನ ಪರಿಮಳ ಕೊಡುವ ಗಂಧಕದ ಅಣುಗಳಲ್ಲೊಂದು ಸೀಬೆಹಣ್ಣಿನಲ್ಲೂ ಇದೆ. ಕ್ಯಾಬರ್ನೆಯ ಹಸಿರು ವಾಸನೆಯ ಅಣು ದೊಣ್ಣೆಮೆಣಸಿನಕಾಯಿಯಲ್ಲಿದೆ. ಸೀಬೆ ಎನ್ನಿ, ದೊಣ್ಣೆಮೆಣಸು ಎನ್ನಿ, ಪನ್ನೇರಳೆ ಎನ್ನಿ. ಮೂಗು ಪಳಗುವುದು ತನಗೆ ಗೊತ್ತಿರುವ ವಾಸನೆಗಳ ಮೂಲಕವೇ.

ಪಳಗಿದ ಮೂಗೂ ಕಣ್ಣಿನ ಮಾತಿಗೆ ಬೀಳುತ್ತದೆ. 2001ರಲ್ಲಿ ಫ್ರಾನ್ಸಿನ ಬೋರ್ಡೊದಲ್ಲಿ ವೈನ್ ಶಾಸ್ತ್ರ ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಬಣ್ಣಿಸಿದರು. 2008ರಲ್ಲಿ ಅಮೆರಿಕದಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ ಒಂದೇ ವೈನನ್ನು ಎರಡು ಬೆಲೆ ಹೇಳಿ ಕೊಟ್ಟಾಗ, ಹೆಚ್ಚು ಬೆಲೆಯದೇ ಚೆನ್ನಾಗಿದೆ ಎಂದರು. ಸ್ಕ್ಯಾನರಿನೊಳಗೆ ಅವರ ಮಿದುಳಿನ ಸುಖ ಅಳೆಯುವ ಭಾಗವೂ ಆಗ ಹೆಚ್ಚು ಚುರುಕಾಗಿತ್ತು. ಅವರು ಸುಳ್ಳು ಹೇಳಲಿಲ್ಲ. ಬೆಲೆ ಕೇಳಿದ ಮೇಲೆ ಅವರಿಗೆ ಆದ ಸುಖವೇ ಹೆಚ್ಚು. ರುಚಿಯೆಂಬುದು ಮಿದುಳು ಎಲ್ಲ ಸಾಕ್ಷಿಗಳನ್ನೂ ಕರೆದು ಬರೆಯುವ ತೀರ್ಪು, ಅದರಲ್ಲಿ ನಾಲಿಗೆಯದು ಒಂದೇ ಸಾಕ್ಷ್ಯ.

ಸಂಜೆ ಇಳಿದು, ಗಾಡಿ ಯಲಹಂಕ ದಾಟುವ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಮಾತು, ಏನಾದರೂ ತಿನ್ನಬೇಕು. ಲೆಕ್ಕ ನೋಡಿದರೆ ಇದು ಸೋಜಿಗ. 13 ಶೇಕಡಾ ಆಲ್ಕೋಹಾಲಿರುವ 150 ಮಿಲಿಲೀಟರಿನ ಒಂದು ಗ್ಲಾಸಿನಲ್ಲಿ ಸುಮಾರು 15 ಗ್ರಾಂ ಆಲ್ಕೋಹಾಲಿರುತ್ತದೆ. ಗ್ರಾಮಿಗೆ 7 ಕ್ಯಾಲೊರಿಯಂತೆ 105 ಕ್ಯಾಲೊರಿ ಒಳಗೆ ಹೋಯಿತು. ಕ್ಯಾಲೊರಿ ಹೋದರೆ ಹಸಿವು ತಗ್ಗಬೇಕು, ಇಲ್ಲಿ ಏರುತ್ತದೆ.

2017ರಲ್ಲಿ ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ವಿಜ್ಞಾನಿಗಳು ಇಲಿಗಳಿಗೆ ಮೂರು ದಿನ ಆಲ್ಕೋಹಾಲು ಕೊಟ್ಟು ನೋಡಿದರು. ಇಲಿಗಳು ಹೆಚ್ಚು ತಿಂದವು. ಹೈಪೊಥಲಮಸ್‌ನಲ್ಲಿ ಉಪವಾಸವಿದ್ದಾಗ ಹೊತ್ತಿಕೊಳ್ಳುವ ಒಂದು ನರಕೋಶಗಳ ಗುಂಪಿದೆ. ಅವು ಮೀಟಿದರೆ ಪ್ರಾಣಿ ಅನ್ನ ಹುಡುಕಿ ಹೊರಡುತ್ತದೆ. ಆಲ್ಕೋಹಾಲು ನೇರವಾಗಿ ಆ ಕೋಶಗಳನ್ನೇ ಕೆರಳಿಸಿತ್ತು. ಅವುಗಳ ಬಾಯಿ ಮುಚ್ಚಿಸಿದಾಗ ಹೆಚ್ಚುವರಿ ತಿನ್ನುವಿಕೆಯೂ ನಿಂತಿತು. ಹೊಟ್ಟೆಯಲ್ಲಿ ಕೊರತೆಯಿಲ್ಲ, ಕೊರತೆಯ ಕೂಗು ಮಾತ್ರ ಎದ್ದಿದೆ.

ಮನುಷ್ಯರ ಮೇಲಿನ ಒಂದು ಪ್ರಯೋಗ ನನಗೆ ಇದಕ್ಕಿಂತಲೂ ಮುಖ್ಯವೆನಿಸುತ್ತದೆ. 2015ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ 35 ಮಹಿಳೆಯರಿಗೆ ಒಂದು ದಿನ ರಕ್ತನಾಳದ ಮೂಲಕ ಆಲ್ಕೋಹಾಲನ್ನೂ, ಇನ್ನೊಂದು ದಿನ ಬರಿಯ ಉಪ್ಪುನೀರನ್ನೂ ಹನಿಸಿದರು. ಬಾಯಿ, ಹೊಟ್ಟೆಗಳ ಪಾತ್ರವೇ ಇಲ್ಲದಂತೆ ನೋಡಿಕೊಳ್ಳುವುದು ಉದ್ದೇಶ. ಆಲ್ಕೋಹಾಲಿದ್ದಾಗ ಅವರು ಒಟ್ಟಾರೆ ಹೆಚ್ಚು ತಿಂದರು, ಎಲ್ಲರೂ ಅಲ್ಲ. ಜೊತೆಗೆ, ಊಟದ ವಾಸನೆ ತೋರಿಸಿದಾಗ ಹೈಪೊಥಲಮಸ್ ಹೆಚ್ಚು ಸ್ಪಂದಿಸಿತು. ಊಟವಲ್ಲದ ವಾಸನೆಗೆ ಅಷ್ಟಿಲ್ಲ. ಅಂದರೆ ಆಲ್ಕೋಹಾಲು ಹಸಿವೆಯ ಕೇಂದ್ರವನ್ನು ವಾಸನೆಯ ಕಡೆಗೆ ತಿರುಗಿಸಿ ನಿಲ್ಲಿಸುತ್ತದೆ. ಮಧ್ಯಾಹ್ನ ಗ್ಲಾಸಿನೊಳಗೆ ಮೆಣಸು, ಸೀಬೆ ಹುಡುಕಿದ ಅದೇ ಮೂಗು ಈಗ ಬೀದಿಯ ತುದಿಯ ಬಾಣಲೆಯನ್ನು ಹುಡುಕುತ್ತದೆ. ಇದನ್ನು ಮನಸ್ಸಿನ ದೌರ್ಬಲ್ಯವೆಂದು ಬೈದುಕೊಳ್ಳುವವರಿಗೆ ನಾನು ಹೇಳುವುದಿಷ್ಟೆ, ಇದರಲ್ಲಿ ಚಾರಿತ್ರ್ಯದ ಪ್ರಶ್ನೆಯಿಲ್ಲ, ನರಕೋಶಗಳ ಕೆಲಸವಿದೆ.

ಹೊತ್ತಿನ ಪಾತ್ರವೂ ಇದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ಜನರನ್ನು 13 ದಿನ ಮಂದಬೆಳಕಿನ ಪ್ರಯೋಗಾಲಯದಲ್ಲಿಟ್ಟು, ಊಟ ನಿದ್ದೆಗಳ ಸಮಯವನ್ನು ಗಡಿಯಾರದಿಂದ ಬಿಡಿಸಿ ನೋಡಿದರು. ಆಗ ಕಂಡದ್ದು, ದೇಹದ ಒಳಗಡಿಯಾರವೇ ಹಸಿವನ್ನು ಏರಿಳಿಸುತ್ತದೆ. ಬೆಳಿಗ್ಗೆ ಎಂಟರ ಸುಮಾರಿಗೆ ಅದು ಅತಿ ಕಡಿಮೆ, ರಾತ್ರಿ ಎಂಟರ ಸುಮಾರಿಗೆ ಅತಿ ಹೆಚ್ಚು. ಆ ಏರಿಕೆಯಲ್ಲಿ ಸಿಹಿ, ಉಪ್ಪು, ಪಿಷ್ಟದ ತಿನಿಸುಗಳ ಆಸೆಯೂ ಏರುತ್ತದೆ. ಇದರ ಮೇಲೆ ನಿದ್ದೆಗೆಟ್ಟರೆ ಇನ್ನೊಂದು ಪಾಲು. 2004ರ ಅಧ್ಯಯನವೊಂದರಲ್ಲಿ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿದ 12 ಯುವಕರಲ್ಲಿ, ಹತ್ತು ಗಂಟೆ ಮಲಗಿದಾಗಿನದಕ್ಕೆ ಹೋಲಿಸಿದರೆ, ಹಸಿವೆಬ್ಬಿಸುವ ಗ್ರೆಲಿನ್ ಹಾರ್ಮೋನು ಶೇ. 28ರಷ್ಟು ಹೆಚ್ಚಿತ್ತು, ತೃಪ್ತಿಯ ಸುದ್ದಿ ಕೊಡುವ ಲೆಪ್ಟಿನ್ ಶೇ. 18ರಷ್ಟು ಇಳಿದಿತ್ತು.

ಇನ್ನು ತಳ್ಳುಗಾಡಿ. ಬೆಂಗಳೂರಿನ ಯಾವುದೇ ಬಡಾವಣೆಯ ಮೂಲೆಯಲ್ಲಿ ರಾತ್ರಿ ಬಲ್ಬು ಕಟ್ಟಿಕೊಂಡು ನಿಂತಿರುತ್ತದೆ. ಭರ್ರೆನ್ನುವ ಗ್ಯಾಸ್ ಒಲೆ, ಅದರ ಮೇಲೆ ಕಪ್ಪಾದ ಕಬ್ಬಿಣದ ಬಾಣಲೆ. ಎಣ್ಣೆ ಹೊಗೆಯಾಡುವಾಗ ಎರಡು ಮೊಟ್ಟೆ ಒಡೆದು ಹಾಕಿ ಸೌಟಿನಿಂದ ಚೂರು ಮಾಡುತ್ತಾರೆ, ಎಲೆಕೋಸು, ಈರುಳ್ಳಿ ಬೀಳುತ್ತವೆ, ಆಮೇಲೆ ತಣ್ಣಗಿನ ಅನ್ನ, ಖಾರದ ಪುಡಿ, ಟೇಸ್ಟಿಂಗ್ ಪೌಡರ್, ಬಾಣಲೆಯ ಅಂಚಿಗೆ ಸುರಿದ ಸೋಯಾ ಸಾಸು. ಸಾಸು ಕಾದ ಕಬ್ಬಿಣಕ್ಕೆ ತಾಗಿ ಚುಯ್ ಎಂದ ಕ್ಷಣ ಬೀದಿ ತುಂಬ ವಾಸನೆ. ಇಲ್ಲಿ ಪ್ರತಿಯೊಂದಕ್ಕೂ ಕಾರಣವಿದೆ. ಹೊಸದಾಗಿ ಬೆಂದ ಅನ್ನ ಮುದ್ದೆಯಾಗುತ್ತದೆ. ಆರಿದ ಅನ್ನದಲ್ಲಿ ಪಿಷ್ಟದ ಎಳೆಗಳು ಮತ್ತೆ ಒತ್ತಾಗಿ ಜೋಡಿಕೊಂಡು ಅಗುಳು ಗಟ್ಟಿಯಾಗುವುದರಿಂದ ಬಿಡಿಬಿಡಿಯಾಗಿ ಉಳಿಯುತ್ತದೆ. ಮೊಟ್ಟೆ, ಸಾಸುಗಳ ಅಮೈನೊ ಆಮ್ಲ ಮತ್ತು ಸಕ್ಕರೆಗಳು ಭಾರಿ ಕಾವಿನಲ್ಲಿ ಕೂಡಿ ನೂರಾರು ಹೊಸ ಪರಿಮಳದ ಅಣುಗಳಾಗುತ್ತವೆ. ಇದನ್ನು 1912ರಲ್ಲಿ ವಿವರಿಸಿದ ಲೂಯಿ ಕಮೀಲ್ ಮಯ್ಯಾರ್ ಹೆಸರಿನಲ್ಲೇ ಈ ಕ್ರಿಯೆಯನ್ನು ಕರೆಯುತ್ತಾರೆ. ರೊಟ್ಟಿಯ ಮೇಲಿನ ಕಂದು ಚುಕ್ಕೆ, ಹುರಿದ ಕಾಫಿ ಬೀಜ, ದೋಸೆಯ ಗರಿಗರಿ ಅಂಚು, ಎಲ್ಲ ಇದರ ಮಕ್ಕಳೇ. ಟೇಸ್ಟಿಂಗ್ ಪೌಡರ್ ಎಂದರೆ ಸೋಡಿಯಂ ಗ್ಲುಟಮೇಟ್. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಕಡಲಪಾಚಿಯ ಸಾರಿನಿಂದ ಗ್ಲುಟಮೇಟನ್ನು ಬೇರ್ಪಡಿಸಿ, ಉಮಾಮಿ ಎಂಬ ಐದನೆಯ ರುಚಿಗೆ ಹೆಸರಿಟ್ಟರು.

ಕೊಬ್ಬು ಮತ್ತು ಪಿಷ್ಟ ಒಟ್ಟಿಗಿರುವುದೂ ಮುಖ್ಯ. 2018ರ ಒಂದು ಪ್ರಯೋಗದಲ್ಲಿ, ಕ್ಯಾಲೊರಿ ಸಮವಾಗಿದ್ದರೂ, ಎರಡೂ ಇರುವ ತಿನಿಸಿಗೆ ಜನ ಹೆಚ್ಚು ಹಣ ಕೊಡಲು ಸಿದ್ಧರಿದ್ದರು, ಮಿದುಳಿನ ಪ್ರತಿಫಲದ ಜಾಲವೂ ಹೆಚ್ಚು ಬೆಳಗಿತು. ಬಿರಿಯಾನಿ, ಎಗ್ ರೈಸ್, ತುಪ್ಪ ಸುರಿದ ಬಿಸಿಬೇಳೆಬಾತ್, ಎಲ್ಲವೂ ಈ ಗುಂಪಿನವೇ.

ಖಾರದ ವಿಷಯಕ್ಕೆ ಬಂದರೆ, ವೈನ್ ಕುಡಿದ ಮೇಲೆ ಮೆಣಸಿನಕಾಯಿ ಹೆಚ್ಚು ಸುಡುತ್ತದೆ. ಬಾಯಲ್ಲಿ ಬಿಸಿಯನ್ನು ಗುರುತಿಸುವ ಟಿಆರ್‌ಪಿವಿ1 ಎಂಬ ಗ್ರಾಹಕ ಸುಮಾರು 42 ಡಿಗ್ರಿಯಲ್ಲಿ ಎಚ್ಚರಗೊಳ್ಳುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಅದನ್ನೇ ತಟ್ಟಿ ಬಿಸಿಯಿಲ್ಲದೆಯೂ ಉರಿ ಎಬ್ಬಿಸುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಸಂದಿತು. ಆಲ್ಕೋಹಾಲು ಈ ಗ್ರಾಹಕದ ಹೊಸ್ತಿಲನ್ನು 34 ಡಿಗ್ರಿಯ ಸುಮಾರಿಗೆ ಇಳಿಸುತ್ತದೆ ಎಂದು 2002ರಲ್ಲಿ ತಿಳಿಯಿತು. ಅದು ಬಾಯಿಯ ಸಹಜ ಬಿಸಿಗಿಂತಲೂ ಕಡಿಮೆ. ಬಾಯುರಿಗೆ ನೀರು ಕುಡಿದರೆ ಪ್ರಯೋಜನವಿಲ್ಲ, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು. ಹಾಲು ಮೊಸರಿನ ಕೊಬ್ಬು ಮತ್ತು ಪ್ರೋಟೀನು ಅದನ್ನು ಹಿಡಿದುಕೊಳ್ಳುತ್ತವೆ. ಬಿರಿಯಾನಿಯ ಪಕ್ಕ ಮೊಸರು ಬಜ್ಜಿ ಇಟ್ಟವರು ರಸಾಯನವಿಜ್ಞಾನ ಓದಿರಲಿಲ್ಲ, ಬಾಯಿಯ ಸಂಕಟ ಅರಿತಿದ್ದರು.

ಕುಡಿದ ಮೇಲೆ ಹೊಟ್ಟೆ ತುಂಬ ತಿಂದರೆ ಅಮಲು ಇಳಿಯುತ್ತದೆ ಎಂಬ ನಂಬಿಕೆ ಇದೆ. ಇದು ಅಪಾಯಕಾರಿ ನಂಬಿಕೆ. ಆಲ್ಕೋಹಾಲು ಬಹುಪಾಲು ರಕ್ತಕ್ಕೆ ಸೇರುವುದು ಸಣ್ಣಕರುಳಿನಲ್ಲಿ. ಮೊದಲೇ ಊಟ ಮಾಡಿದ್ದರೆ ಅದು ಹೊಟ್ಟೆಯಲ್ಲಿ ತಡೆದು ನಿಧಾನಕ್ಕೆ ಇಳಿಯುತ್ತದೆ, ಅಷ್ಟು ಉಪಯೋಗ ಖಂಡಿತ ಇದೆ. ರಕ್ತಕ್ಕೆ ಸೇರಿಯಾದ ಮೇಲೆ ಯಾವ ಅನ್ನವೂ ಅದನ್ನು ಹೀರಲಾರದು. ಯಕೃತ್ತು ತನ್ನ ಪಾಡಿಗೆ, ಗಂಟೆಗೆ ಸುಮಾರು 7ರಿಂದ 10 ಗ್ರಾಂ ಎಂಬಂತೆ ಕೆಲಸ ಮಾಡುತ್ತದೆ. ಒಂದು ಗ್ಲಾಸಿಗೆ ಹೆಚ್ಚುಕಡಿಮೆ ಎರಡು ಗಂಟೆ. ರಾತ್ರಿ ಒಂಬತ್ತರ ಬಳಿಕ ಮೂರು ಗ್ಲಾಸು ಕುಡಿದವರ ರಕ್ತದಲ್ಲಿ ನಸುಕಿನ ಎರಡು–ಮೂರರ ಹೊತ್ತಿಗೂ ಆಲ್ಕೋಹಾಲು ಇರಬಹುದು. ನಮ್ಮ ಕಾನೂನಿನಲ್ಲಿ ಗಾಡಿ ಓಡಿಸುವವರಿಗೆ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಈ ತಿರುಗಾಟಕ್ಕೆ ಒಂದು ಹನಿಯೂ ಕುಡಿಯದ ಒಬ್ಬರು ಜೊತೆಗಿರಲೇಬೇಕು.

ಯಕೃತ್ತು ಆಲ್ಕೋಹಾಲಿನಲ್ಲಿ ಮುಳುಗಿರುವಾಗ ಹೊಸ ಗ್ಲುಕೋಸ್ ತಯಾರಿಸುವ ಕೆಲಸ ಹಿಂದೆ ಬೀಳುತ್ತದೆ. ಹೊಟ್ಟೆ ತುಂಬಿದ್ದವರಿಗೆ ಇದು ತಿಳಿಯದು. ಖಾಲಿ ಹೊಟ್ಟೆಯಲ್ಲಿ ಕುಡಿದವರಿಗೆ, ಅದರಲ್ಲೂ ಇನ್ಸುಲಿನ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರಿಗೆ, ರಾತ್ರಿ ಸಕ್ಕರೆ ಕುಸಿಯುವ ಭಯವಿದೆ. ಇನ್ನೊಂದನ್ನೂ ಬಿಡದೆ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ವೈನ್ ಅದಕ್ಕೆ ಹೊರತಲ್ಲ. ಉಗಿಯುವ ಪಾತ್ರೆ ಮೇಜಿನ ಮೇಲಿರುವಾಗ ಅದನ್ನು ಬಳಸಲು ನಾಚಿಕೆ ಪಡಬೇಕಾಗಿಲ್ಲ.

ತಿರುಗಾಟವನ್ನು ಬೆಳಗಿನವರೆಗೂ ಎಳೆಯುವವರು ಹೊಸಕೋಟೆಗೆ ಹೋಗುತ್ತಾರೆ. ವಾರಾಂತ್ಯದಲ್ಲಿ ಅಲ್ಲಿನ ದಮ್ ಬಿರಿಯಾನಿಗೆ ಸೂರ್ಯ ಹುಟ್ಟುವ ಮೊದಲೇ ಉದ್ದನೆಯ ಸಾಲು. ಒಳಗಡಿಯಾರದ ಪ್ರಕಾರ ಅದು ಹಸಿವು ಇಳಿಮುಖವಾಗಿರುವ ಹೊತ್ತು. ಜನರನ್ನು ಅಲ್ಲಿ ನಿಲ್ಲಿಸುವುದು ನಿದ್ದೆಗೇಡು, ಗೆಳೆಯರು, ಹಂಡೆಯ ಮುಚ್ಚಳ ತೆಗೆದಾಗ ಬರುವ ವಾಸನೆ. ಮಾಂಸದ ಇನೋಸಿನೇಟ್ ಮತ್ತು ಟೊಮೆಟೊದ ಗ್ಲುಟಮೇಟ್ ಕೂಡಿದಾಗ ಉಮಾಮಿ ಎರಡರ ಮೊತ್ತಕ್ಕಿಂತ ಬಹಳ ಹೆಚ್ಚಾಗುತ್ತದೆ, ಅದೂ ಸೇರಿಕೊಳ್ಳುತ್ತದೆ.

ಯಾವ ತಿನಿಸಾದರೂ ತಿನ್ನುತ್ತ ಹೋದಂತೆ ಅದರ ಸುಖ ಇಳಿಯುತ್ತದೆ. ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲೇ ಇದನ್ನು ತೋರಿಸಿದರು. ಹಾಗಾಗಿ ಮೊದಲ ತುತ್ತುಗಳನ್ನು ವೈನಿನ ಮೇಜಿನಲ್ಲಿ ಕಲಿತ ರೀತಿಯಲ್ಲೇ ತಿನ್ನಿ: ಬಾಯಿ ಮುಚ್ಚಿ ಅಗಿದು, ಮೂಗಿನಿಂದ ಉಸಿರು ಬಿಟ್ಟು. ಚಕ್ಕೆ ಮೊದಲು, ಪುದೀನ ಆಮೇಲೆ, ಹುರಿದ ಈರುಳ್ಳಿಯ ಸಿಹಿ ಕೊನೆಗೆ ಬರುವುದು ಗೊತ್ತಾಗುತ್ತದೆ. ಅರ್ಧ ಪ್ಲೇಟಿಗೇ ಸಾಕೆನಿಸಿದರೆ ಉಳಿದದ್ದನ್ನು ಕಟ್ಟಿಸಿಕೊಳ್ಳಿ. ರಾತ್ರಿ ಹೊತ್ತು ಏರುವ ಮೆಲಟೋನಿನ್ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುವುದರಿಂದ, ಅದೇ ಅನ್ನವನ್ನು ದೇಹ ಹಗಲಿನಲ್ಲಿ ಚೆನ್ನಾಗಿ ನಿಭಾಯಿಸುತ್ತದೆ. ಮನೆಗೆ ಬಂದ ಕೂಡಲೇ ಪೊಟ್ಟಣವನ್ನು ಫ್ರಿಜ್ಜಿಗಿಡಿ. ಬೇಯಿಸಿದರೂ ಸಾಯದ ಬ್ಯಾಸಿಲಸ್ ಸಿರಿಯಸ್ ಬೀಜಕಣಗಳು ಹೊರಗಿಟ್ಟ ಅನ್ನದಲ್ಲಿ ಚಿಗುರಿ ಬೆಳೆಯುತ್ತವೆ, ಅವು ಉಂಟುಮಾಡುವ ವಾಂತಿಯ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ.